13 ಸಾವಿರ ಕೋಟಿ ಮತ್ತು ಒಂದು ಸಾದಾ ಪ್ರಶ್ನೆ: ಪಿಎನ್‌ಬಿ ವಂಚನೆ ಹೊರಬಿದ್ದಿದ್ದು ಹೇಗೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೊಂಡು ಮಾತು ಶುರು ಮಾಡ್ತೀನಿ.

ನನ್ನ ಮೊದಲ ಕೆಲಸ ಒಂದು ಸಣ್ಣ ಕಂಪನಿಯಲ್ಲಿ. ಅಂಗಡಿಗಳಿಗೆ ಮಾಲು ಹಾಕಿ, ದುಡ್ಡು ವಸೂಲಿ ಮಾಡೋ ವ್ಯವಹಾರ. ಅಲ್ಲೊಬ್ಬರು ಕ್ಯಾಷಿಯರ್ ಇದ್ರು. ಎಲ್ಲರಿಗಿಂತ ಮೊದಲು ಬರೋರು, ಕೊನೆಗೆ ಹೋಗೋರು, ರಜೆ ಅಂತ ಕೇಳಿದವರೇ ಅಲ್ಲ. ಮೀಟಿಂಗಿನಲ್ಲಿ ನಮಗೆಲ್ಲ ಅವರದ್ದೇ ಉದಾಹರಣೆ. ಒಂದ್ಸಲ ಅವರಿಗೆ ಡೆಂಗ್ಯೂ ಬಂತು. ಹತ್ತು ದಿನ ಅವರ ಕುರ್ಚಿ ಮೇಲೆ ನಾನು ಕೂತೆ. ಮೂರನೇ ದಿನ ಒಬ್ಬ ಅಂಗಡಿಯವರು ಬಂದು ರಸೀದಿ ತೋರಿಸಿದ್ರು: ‘ಹೋದ ತಿಂಗಳೇ ದುಡ್ಡು ಕಟ್ಟಿದೀನಲ್ಲಾ, ಮತ್ತೆ ಯಾಕೆ ಫೋನ್ ಮಾಡ್ತೀರಿ?’ ಪುಸ್ತಕದಲ್ಲಿ ಆ ದುಡ್ಡೇ ಇಲ್ಲ.

ಆಮೇಲೆ ಗೊತ್ತಾಯ್ತು. ‘ಎ’ ಅಂಗಡಿಯ ದುಡ್ಡು ಜೇಬಿಗೆ ಹಾಕ್ಕೊಂಡು, ಆ ತೂತನ್ನ ‘ಬಿ’ ಅಂಗಡಿಯ ದುಡ್ಡಿಂದ ಮುಚ್ಚಿ, ‘ಬಿ’ಯದ್ದನ್ನ ‘ಸಿ’ಯಿಂದ ಮುಚ್ಚುತ್ತಾ ಬಂದಿದ್ರು. ಇಂಥಾ ಸರ್ಕಸ್ಸಿಗೆ ದಿನಾ ಕೈ ಆಡ್ತಾನೇ ಇರಬೇಕು. ಒಂದು ದಿನ ಬಿಟ್ಟರೂ ಬೀಳುತ್ತೆ. ಅವರು ರಜೆ ಹಾಕದೇ ಇದ್ದದ್ದು ಅದಕ್ಕೇ!

ಈಗ ಇದೇ ಆಟವನ್ನ ದೇಶದ ದೊಡ್ಡ ಬ್ಯಾಂಕೊಂದರಲ್ಲಿ ನೋಡೋಣ. ಮುಂಬೈನ ಫೋರ್ಟ್ ಪ್ರದೇಶ, ಪಂಜಾಬ್ ನ್ಯಾಷನಲ್ ಬ್ಯಾಂಕಿನ ಬ್ರಾಡಿ ಹೌಸ್ ಶಾಖೆ. ನೀರವ್ ಮೋದಿ ಪ್ರಕರಣ ಅಂದ್ರೆ ನಿಮಗೆ ನೆನಪಾಗೋದು ವಜ್ರ, ಲಂಡನ್, ಓಡಿಹೋಗಿದ್ದು. ನನಗೆ ಮಾತ್ರ ಅದರಲ್ಲಿ ಕುತೂಹಲ ಹುಟ್ಟಿಸೋದು ಒಂದು ಕಂಪ್ಯೂಟರು.

ಸ್ವಲ್ಪ ಹಿನ್ನೆಲೆ ಬೇಕು. ವಜ್ರದ ವ್ಯಾಪಾರಿ ಹೊರದೇಶದಿಂದ ಮಾಲು ತರಿಸ್ತಾನೆ, ಡಾಲರಿನಲ್ಲಿ ದುಡ್ಡು ಕೊಡಬೇಕು. ಹಾಂಗ್‌ಕಾಂಗ್‌ನಂಥ ಕಡೆ ಇರೋ ಭಾರತೀಯ ಬ್ಯಾಂಕುಗಳ ಶಾಖೆಗಳು ಕಮ್ಮಿ ಬಡ್ಡಿಗೆ ಡಾಲರ್ ಸಾಲ ಕೊಡ್ತವೆ. ಆದ್ರೆ ಇವನನ್ನ ನಂಬೋದು ಹೇಗೆ? ಇಲ್ಲಿನ ಬ್ಯಾಂಕು ಒಂದು ಭರವಸೆ ಪತ್ರ ಕಳಿಸುತ್ತೆ: ಇವನು ಕಟ್ಟದಿದ್ರೆ ನಾವು ಕಟ್ತೀವಿ ಅಂತ. ಅದಕ್ಕೆ ಲೆಟರ್ ಆಫ್ ಅಂಡರ್‌ಟೇಕಿಂಗ್, ಚಿಕ್ಕದಾಗಿ ಎಲ್‌ಒಯು ಅಂತಾರೆ. ಸುಮ್ಮನೆ ಕೊಡೋ ಹಾಗಿಲ್ಲ. ಒಂದೋ ಆ ಗ್ರಾಹಕನಿಗೆ ಮೊದಲೇ ಸಾಲದ ಮಿತಿ ಮಂಜೂರಾಗಿರಬೇಕು, ಇಲ್ಲಾ ಅಷ್ಟೂ ಮೊತ್ತವನ್ನ ಮಾರ್ಜಿನ್ ಅಂತ ಠೇವಣಿ ಇಡಬೇಕು.

ಈ ಭರವಸೆ ಹೋಗೋದು ಸ್ವಿಫ್ಟ್ ಅನ್ನೋ ಸಂದೇಶ ಜಾಲದ ಮೂಲಕ. ಬ್ಯಾಂಕಿನ ಲೆಕ್ಕ ಇರೋದು ಕೋರ್ ಬ್ಯಾಂಕಿಂಗ್ ಅನ್ನೋ ಇನ್ನೊಂದು ಸಾಫ್ಟ್‌ವೇರಿನಲ್ಲಿ. ಎರಡೂ ಒಂದಕ್ಕೊಂದು ಜೋಡಣೆ ಆಗಿರಲಿಲ್ಲ. ಅಂದ್ರೆ, ಶಾಖೆಯ ಒಬ್ಬ ಅಧಿಕಾರಿ ಸ್ವಿಫ್ಟ್‌ನಲ್ಲಿ ‘ನಾವು ಕಟ್ತೀವಿ’ ಅಂತ ಕಳಿಸಿ, ಲೆಕ್ಕದಲ್ಲಿ ನಮೂದಿಸದೇ ಸುಮ್ಮನಾದ್ರೆ, ಇಡೀ ಜಗತ್ತಿನ ಕಣ್ಣಿಗೆ ಬ್ಯಾಂಕು ಮಾತು ಕೊಟ್ಟಿದೆ, ಬ್ಯಾಂಕಿಗೆ ಮಾತ್ರ ಅದು ಗೊತ್ತೇ ಇಲ್ಲ! ಸಿಬಿಐ ಆರೋಪದ ಪ್ರಕಾರ ಆಗಿದ್ದು ಇದೇ, ಅದೂ 2011ರಿಂದ. ಹಳೇ ಎಲ್‌ಒಯು ಗಡುವು ಬಂದಾಗ ಅದನ್ನ ತೀರಿಸೋಕೆ ಹೊಸ ಎಲ್‌ಒಯು. ಎ, ಬಿ, ಸಿ ಅಂಗಡಿ ನೆನಪಾಯ್ತಲ್ವಾ?

ಹಾಗಾದ್ರೆ ಆಡಿಟ್ ಇರಲಿಲ್ವಾ? ಇತ್ತು. ಆಡಿಟರು ನೋಡೋದು ಪುಸ್ತಕದಲ್ಲಿ ಇರೋದನ್ನ. ಪುಸ್ತಕದಲ್ಲಿ ಇಲ್ಲದ್ದನ್ನ ಹುಡುಕಬೇಕಾದ್ರೆ ಬೇರೆ ಕಡೆಯ ಕಾಗದದ ಜೊತೆ ಪುಸ್ತಕವನ್ನ ತಾಳೆ ನೋಡಬೇಕು. ವಿದೇಶಿ ಶಾಖೆಗಳು ಕೊಟ್ಟ ಸಾಲ ಬಂದು ಬೀಳೋದು ಪಿಎನ್‌ಬಿಯದ್ದೇ ನಾಸ್ಟ್ರೋ ಖಾತೆಗೆ, ಅಂದ್ರೆ ಹೊರದೇಶದಲ್ಲಿ ಬ್ಯಾಂಕು ಇಟ್ಕೊಂಡಿರೋ ಖಾತೆಗೆ. ಅದರ ಸ್ಟೇಟ್‌ಮೆಂಟ್ ಬರ್ತಾ ಇರುತ್ತೆ. ಸ್ವಿಫ್ಟ್‌ನಲ್ಲಿ ಕಳಿಸಿದ ಸಂದೇಶಗಳ ದಾಖಲೆನೂ ಇರುತ್ತೆ. ಸ್ವಿಫ್ಟ್ ದುರುಪಯೋಗದ ಬಗ್ಗೆ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಸಲ ಬ್ಯಾಂಕುಗಳಿಗೆ ಎಚ್ಚರಿಸಿದ್ವಿ ಅಂತ ರಿಸರ್ವ್ ಬ್ಯಾಂಕ್ ಆಮೇಲೆ ಹೇಳಿಕೆ ಕೊಡ್ತು. ಎಚ್ಚರಿಸಿದ ಮೇಲೆ ಮಾಡಿದ್ರಾ ಇಲ್ವಾ ಅಂತ ಕೇಳೋ ಕೆಲಸ ಯಾರದ್ದು ಅನ್ನೋದು ನನಗಂತೂ ಈಗಲೂ ಕಾಡುತ್ತೆ.

ಇನ್ನೊಂದು ವಿಷಯ. ಆರೋಪ ಎದುರಿಸುತ್ತಿರೋ ಡೆಪ್ಯೂಟಿ ಮ್ಯಾನೇಜರ್ ಅದೇ ಶಾಖೆಯಲ್ಲಿ ಸುಮಾರು ಏಳು ವರ್ಷ ಇದ್ರು. ಬ್ಯಾಂಕಿನಲ್ಲಿ ಯಾರಾದ್ರೂ ಇದ್ರೆ ಕೇಳಿ ನೋಡಿ, ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಅಂತ ಗೊಣಗ್ತಾನೇ ಇರ್ತಾರೆ. ಇವರು 2017ರಲ್ಲಿ ನಿವೃತ್ತರಾದ್ರು.

ಹೊರಬಿದ್ದ ದಿನಕ್ಕೆ ಬರೋಣ. 2018ರ ಜನವರಿ 16. ನೀರವ್ ಮೋದಿ ಗುಂಪಿನ ಮೂರು ಸಂಸ್ಥೆಗಳ ಕಡೆಯವರು ಎಂದಿನಂತೆ ಎಲ್‌ಒಯು ಬೇಕು ಅಂತ ಕಾಗದಪತ್ರ ಕೊಟ್ಟರು. ಕುರ್ಚಿಯಲ್ಲಿ ಹೊಸಬರು. ‘ನಿಮಗೆ ಮಿತಿ ಮಂಜೂರಾಗಿಲ್ಲ, ನೂರಕ್ಕೆ ನೂರು ಮಾರ್ಜಿನ್ ಇಡಿ’ ಅಂದ್ರು. ಇವರು, ‘ಹಿಂದೆಲ್ಲಾ ತಗೊಂಡಿದೀವಲ್ಲಾ, ಆಗ ಯಾರೂ ಕೇಳಿರಲಿಲ್ಲ’ ಅಂತ ವಾದ ಮಾಡಿದ್ರು. ಹೌದಾ ಅಂತ ಹಳೇ ದಾಖಲೆ ತೆಗೆದು ನೋಡಿದ್ರೆ ಒಂದೇ ಒಂದು ನಮೂದೂ ಇಲ್ಲ. ವಾದ ಮಾಡದೆ ಎದ್ದು ಹೋಗಿದ್ರೆ ಇನ್ನೆಷ್ಟು ದಿನ ನಡೀತಿತ್ತೋ!

ಅಷ್ಟರಲ್ಲಿ ನೀರವ್ ಮೋದಿ ಜನವರಿ 1ಕ್ಕೇ ದೇಶ ಬಿಟ್ಟಾಗಿತ್ತು. ಬ್ಯಾಂಕಿನ ಮೊದಲ ದೂರು ಸುಮಾರು 280 ಕೋಟಿ ರೂಪಾಯಿಗೆ. ಫೆಬ್ರವರಿ 14ಕ್ಕೆ ಅದು 11 ಸಾವಿರ ಕೋಟಿ ದಾಟಿತು, ಕೊನೆಗೆ 13 ಸಾವಿರ ಕೋಟಿಯೂ ದಾಟಿತು. ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್‌ಒಯು ಪದ್ಧತಿಯನ್ನೇ ನಿಲ್ಲಿಸಿಬಿಡ್ತು.

ಇದಕ್ಕೊಂದು ಬೆಂಗಳೂರಿನ ಎಳೆ ಇದೆ. ಇದೇ ಪ್ರಕರಣದ ಇನ್ನೊಬ್ಬ ಆರೋಪಿ ಮೆಹುಲ್ ಚೋಕ್ಸಿ. ಅವರ ಗೀತಾಂಜಲಿ ಜೆಮ್ಸ್‌ನ ಫ್ರಾಂಚೈಸಿ ಹಿಡಿದು ದುಡ್ಡು ಕಳ್ಕೊಂಡ ಬೆಂಗಳೂರಿನ ಉದ್ಯಮಿಯೊಬ್ಬರು 2016ರಲ್ಲೇ ಪ್ರಧಾನಿ ಕಚೇರಿಗೆ ಬರೆದಿದ್ರು, ಈ ಕಂಪನಿಯ ಸಾಲಕ್ಕೂ ಆಸ್ತಿಗೂ ಹೊಂದಾಣಿಕೆ ಇಲ್ಲ ಅಂತ. ದೂರು ಕಂಪನಿಗಳ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಅಲ್ಲೇ ಮುಚ್ಚಿಹೋಯ್ತು.

ವಂಚನೆ ಪತ್ತೆ ಮಾಡೋರ ಜಾಗತಿಕ ಸಂಘಟನೆಯೊಂದಿದೆ, ಎಸಿಎಫ್‌ಇ. ಅವರ 2024ರ ವರದಿ ಪ್ರಕಾರ ಶೇ. 43ರಷ್ಟು ಪ್ರಕರಣ ಹೊರಬರೋದು ಯಾರೋ ಒಬ್ಬರು ಬಾಯಿಬಿಟ್ಟಿದ್ದರಿಂದ. ಆಂತರಿಕ ಆಡಿಟ್‌ನದ್ದು ಅದರ ಮೂರನೇ ಒಂದು ಭಾಗದಷ್ಟು.

ನಿಮ್ಮಲ್ಲಿ ತುಂಬಾ ಜನ ಮೊದಲನೇ ಕೆಲಸದಲ್ಲಿದ್ದೀರಿ. ‘ನಿನ್ ಪಾಸ್‌ವರ್ಡ್ ಕೊಡು, ಒಂದ್ನಿಮಿಷ ಅಪ್ರೂವ್ ಮಾಡ್ಬೇಕು’ ಅಂತ ಸೀನಿಯರ್ ಕೇಳ್ತಾರೆ. ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಪರಿಶೀಲಿಸಬೇಕು ಅನ್ನೋ ನಿಯಮ ಸತ್ತುಹೋಗೋದು ಹೀಗೇ, ಸ್ನೇಹದಲ್ಲಿ. ಕೊಡಬೇಡಿ. ಲೆಕ್ಕ ತಾಳೆಯಾಗದಿದ್ರೆ ಬಾಯಲ್ಲಿ ಹೇಳಿ ಬಿಡಬೇಡಿ, ಇಮೇಲ್ ಹಾಕಿ. ಷೇರುಪೇಟೆಯಲ್ಲಿರೋ ಕಂಪನಿಯಾದ್ರೆ ದೂರು ಕೊಡೋ ವ್ಯವಸ್ಥೆ ಇರಲೇಬೇಕು ಅಂತ 2013ರ ಕಂಪನಿ ಕಾಯ್ದೆಯೇ ಹೇಳುತ್ತೆ.

ನಾನೇನು ಮಾಡಿದೆ ಅಂತೀರಾ? ಆ ರಸೀದಿ ನೋಡಿದ ಮೇಲೆ ಎರಡು ದಿನ ಸುಮ್ಮನಿದ್ದೆ. ನಾನೇ ತಪ್ಪು ತಿಳ್ಕೊಂಡಿದ್ರೆ? ಅಷ್ಟು ಒಳ್ಳೆಯವರ ಮೇಲೆ ಚಾಡಿ ಹೇಳಿದ ಹಾಗಾದ್ರೆ? ಡ್ರಾಯರಲ್ಲಿ ರಸೀದಿಯ ಜೆರಾಕ್ಸ್ ಇಟ್ಕೊಂಡು ಊಟಕ್ಕೆ ಹೋಗ್ತಿದ್ದೆ. ಮೂರನೇ ದಿನ ಇನ್ನೊಬ್ಬ ಅಂಗಡಿಯವರು ಬಂದ್ರು, ಆಗ ಹೋಗಿ ಹೇಳಿದೆ. ಕ್ಯಾಷಿಯರ್ ಅತ್ತುಬಿಟ್ಟರು. ಹೆಂಡತಿಯ ಆಪರೇಷನ್ನಿಗೆ ಅಂತ ಶುರುವಾಗಿದ್ದಂತೆ, ‘ಸಾಲ ಅಂತಲೇ ತಗೊಂಡಿದ್ದು, ಸಂಬಳ ಬಂದ ತಕ್ಷಣ ವಾಪಸ್ ಹಾಕ್ತಿದ್ದೆ’ ಅಂದ್ರು. ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ಅನ್ನೋ ಸಂಶೋಧಕ ಜೈಲುಗಳಲ್ಲಿ ಇಂಥವರನ್ನೇ ಮಾತಾಡಿಸಿ 1953ರಲ್ಲಿ ಪುಸ್ತಕ ಬರೆದ. ಅವನಿಗೂ ಎಷ್ಟೋ ಜನ ಇದನ್ನೇ ಹೇಳಿದ್ರು: ಕದ್ದಿಲ್ಲ, ಸಾಲ ತಗೊಂಡೆ.

ಮುಂದಿನ ಕಂತಿನಲ್ಲಿ ಹೈದರಾಬಾದಿನ ಸತ್ಯಂ ಕಥೆ. ನಿಮ್ಮ ಆಫೀಸಿನಲ್ಲೂ ರಜೆನೇ ಹಾಕದವರು ಇದ್ರೆ ತಕ್ಷಣ ಅನುಮಾನ ಪಡಬೇಡಿ ಮತ್ತೆ, ಎಷ್ಟೋ ಸಲ ಅದು ಬಾಸ್ ರಜೆ ಕೊಡದೇ ಇರೋದು ಅಷ್ಟೇ. ಸಿಗೋಣ.