ಬೇಸಿಗೆ ಔತಣದ ಪಂಚ್: ಬಾಟ್ಲಿ ಬೇಡ, ಮುರುಗಲು ಸಾಕು

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೇಸಿಗೆಯ ಹಣ್ಣಿನ ಪಾನೀಯ ಮಾಡಿ ಸಂಘದ ಆದಾಯ ಹೆಚ್ಚಿಸುವುದು ಹೇಗೆ ಎಂಬುದು ಇವತ್ತು ನನಗೆ ಕೊಟ್ಟ ವಿಷಯ. ಆದರೆ ಸಭೆ ಶುರುವಾಗುವ ಮೊದಲೇ ಒಬ್ಬರು ಅಕ್ಕ ನನ್ನನ್ನು ಬದಿಗೆ ಕರೆದು ಒಂದು ಪ್ರಶ್ನೆ ಕೇಳಿದರು. "ಮದುವೆ ಮನೆಯವರು ನಮ್ಮ ಸಂಘಕ್ಕೆ ಆರ್ಡರ್ ಕೊಡುವಾಗ, ಪಂಚ್ ಮಾಡಿ ಕೊಡಿ, ಅದಕ್ಕೆ ಸ್ವಲ್ಪ ಡ್ರಿಂಕ್ಸ್ ಕೂಡ ಹಾಕಿ ಅಂತಾರೆ. ಹಾಕಿದ್ರೆ ದುಡ್ಡು ಜಾಸ್ತಿ ಕೊಡ್ತಾರೆ. ನಾವು ಏನು ಹೇಳ್ಬೇಕು?" ಎಂದು. ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಪಾನೀಯ ಮಾಡುವ ಕ್ರಮ ಹೇಳಿ ಹೋದರೆ ಪ್ರಯೋಜನ ಇಲ್ಲ.

ಏಪ್ರಿಲ್, ಮೇ ಬಂತೆಂದರೆ ನಮ್ಮಲ್ಲಿ ಮದುವೆ, ರೋಸ್, ಮೊದಲ ಪರಮಪ್ರಸಾದ, ಗೃಹಪ್ರವೇಶ, ನಾಮಕರಣ ಎಲ್ಲ ಒಟ್ಟಿಗೆ. ಸೆಕೆ ಎಂದರೆ ಸೆಕೆ. ಇದೇ ಹೊತ್ತಿಗೆ ಗೋವಾದಲ್ಲಿ ಕೆಲಸಕ್ಕಿರುವ ನೆಂಟರು ಊರಿಗೆ ಬರುತ್ತಾರೆ. ಅಲ್ಲಿ ಗೇರುಹಣ್ಣಿನ ರಸ ಹುಳಿಸಿ ಮೊದಲ ಸಲ ಭಟ್ಟಿ ಇಳಿಸಿದ್ದಕ್ಕೆ ಉರ್ರಾಕ್ ಅಂತಾರೆ. ಅದಕ್ಕೆ ಲಿಂಬೆ, ಸೋಡಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಬೇಸಿಗೆಯಲ್ಲಿ ಕುಡಿಯುವುದು ಅಲ್ಲಿನ ವಾಡಿಕೆ. ಇನ್ನೊಮ್ಮೆ ಭಟ್ಟಿ ಇಳಿಸಿದರೆ ಫೆನಿ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ನೋಡಿದ್ದನ್ನು ಇಲ್ಲಿ ಮಾಡಬೇಕು ಅಂತ ಹುಡುಗರಿಗೆ ಆಸೆ. ದೊಡ್ಡ ಪಾತ್ರೆಯಲ್ಲಿ ಹಣ್ಣಿನ ರಸ, ಅದರಲ್ಲಿ ಹಣ್ಣಿನ ತುಂಡು, ಮೇಲಿಂದ ಎರಡು ಬಾಟ್ಲಿ ಸುರಿದರೆ ಅದೇ ಪಂಚ್.

ಈಗ ಸ್ವಲ್ಪ ಲೆಕ್ಕ ಹಾಕೋಣ. ನೀವು ಸಂಘದ ಲೆಕ್ಕ ಬರೆದವರು, ನಿಮಗೆ ಇದು ಕಷ್ಟ ಅಲ್ಲ. ರಮ್ ಆಗಲಿ ಫೆನಿ ಆಗಲಿ, 750 ಮಿ.ಲೀ. ಬಾಟ್ಲಿಯಲ್ಲಿ ಸುಮಾರು 250 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಒಂದು ಬಾಟ್ಲಿಯನ್ನು 6 ಲೀಟರ್ ಹಣ್ಣಿನ ರಸಕ್ಕೆ ಸುರಿದರೆ 200 ಮಿ.ಲೀ. ಗ್ಲಾಸಿನ ಲೆಕ್ಕದಲ್ಲಿ 33 ಗ್ಲಾಸು ಆಗುತ್ತದೆ. ಒಂದೊಂದು ಗ್ಲಾಸಿನಲ್ಲಿ ಏಳೂವರೆ ಗ್ರಾಂ. 30 ಮಿ.ಲೀ. ಪೆಗ್ಗಿನಲ್ಲಿ ಇರುವುದು ಸುಮಾರು 10 ಗ್ರಾಂ. ಅಂದ್ರೆ ಸೆಕೆಗೆ ಬಾಯಾರಿ ನಾಲ್ಕು ಗ್ಲಾಸು ಪಂಚ್ ಕುಡಿದವ ಮೂರು ಪೆಗ್ ಹಾಕಿದ ಹಾಗೆ. ಅವನಿಗೆ ಗೊತ್ತೇ ಆಗುವುದಿಲ್ಲ. ಸಕ್ಕರೆ, ಲಿಂಬೆ, ಐಸು ಸೇರಿ ಆ ಖಾರವನ್ನು ಮುಚ್ಚಿಬಿಡುತ್ತವೆ. ಸೋಡಾ ಇದ್ದರೆ ಬೇಗ ಏರುತ್ತದೆ. ಪೆಗ್ ಹಾಕುವವನಿಗೆ ಎಷ್ಟು ಹಾಕಿದೆ ಎಂಬ ಲೆಕ್ಕವಾದರೂ ಇರುತ್ತದೆ, ಪಂಚ್‌ಗೆ ಅದೂ ಇಲ್ಲ. ನನಗೆ ಪಂಚ್ ಮೇಲೆ ಇರುವ ದೊಡ್ಡ ದೂರು ಇದೇ.

ಇನ್ನು ಹಣ್ಣಿನ ತುಂಡು. ಅನಾನಸ್ಸು, ಸೇಬು ಕೊಚ್ಚಿ ಹಾಕಿರುತ್ತಾರಲ್ಲ, ಅದು ಮದ್ಯವನ್ನು ಹೀರಿಕೊಂಡಿರುತ್ತದೆ. ದೊಡ್ಡವರು ರಸ ಕುಡಿದು ತುಂಡು ಬಿಡುತ್ತಾರೆ. ಅದನ್ನು ಹೆಕ್ಕಿ ತಿನ್ನುವವರು ಯಾರು? ಮಕ್ಕಳು. ಬಸುರಿ ಸೊಸೆಗೆ "ಜ್ಯೂಸ್ ಅಲ್ವಾ, ಕುಡಿ" ಅಂತ ಅತ್ತೆಯೇ ಪ್ರೀತಿಯಿಂದ ಕೊಡುತ್ತಾಳೆ. ಸಕ್ಕರೆ ಕಾಯಿಲೆ ಮಾತ್ರೆ, ಹೊಟ್ಟೆನೋವಿನ ಆಂಟಿಬಯಾಟಿಕ್ ತೆಗೆದುಕೊಳ್ಳುವವರಿಗೂ ಕಷ್ಟ. ಬಸುರಿಯಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವೈದ್ಯರು ಹೇಳುತ್ತಾರೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸೆಕೆಗೆ ಅದು ತಂಪು ಅನ್ನುವುದಂತೂ ಸುಳ್ಳು. ಮೂತ್ರ ಹೆಚ್ಚಾಗಿ ಹೋಗಿ ಮೈಯ ನೀರು ಇನ್ನೂ ಕಡಿಮೆಯಾಗುತ್ತದೆ.

ಊಟ ಮುಗಿಸಿ ಹುಡುಗರು ಬೈಕು ಹತ್ತುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಊರಿನ ಮೈಮೇಲೆ ರಾಷ್ಟ್ರೀಯ ಹೆದ್ದಾರಿ 66 ಹೋಗುತ್ತದೆ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಗಾಡಿ ಬಿಡುವುದು ಅಪರಾಧ. ಪಂಚ್ ಕುಡಿದವನಿಗೆ ತಾನು ಆ ಗೆರೆ ದಾಟಿದ್ದು ತಿಳಿಯುವುದು ಪೊಲೀಸರು ಊದಿಸಿದಾಗ, ಇಲ್ಲವೇ ಅದಕ್ಕಿಂತ ಕೆಟ್ಟದ್ದು ಆದಾಗ.

ಕಾಯ್ದೆಯ ಮಾತೂ ಹೇಳಿಬಿಡುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಜೈಲು, ದಂಡ ಎರಡೂ ಉಂಟು. ಗೇರುಹಣ್ಣಿನ ಭಟ್ಟಿಗೂ ಅದೇ, ಮಾರಾಟಕ್ಕೆ ಮಾಡುವ ವೈನಿಗೂ ಅದೇ. ಗೋವಾದಿಂದ ಅನುಮತಿ ಇಲ್ಲದೆ ಬಾಟ್ಲಿ ತಂದವರು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವುದು ನಿಮಗೆಲ್ಲ ಗೊತ್ತಿದ್ದದ್ದೇ. ಸಂಘ ಹಣ ತೆಗೆದುಕೊಂಡು ಪಂಚ್‌ಗೆ ಮದ್ಯ ಬೆರೆಸಿ ಕೊಟ್ಟರೆ ಅದು ಮದ್ಯ ಮಾರಾಟವೇ. ಕೇಸು ಬಿದ್ದರೆ ಮದುವೆ ಮನೆಯವರ ಹೆಸರಿನ ಜೊತೆ ಸಂಘದ ಅಧ್ಯಕ್ಷೆ, ಕಾರ್ಯದರ್ಶಿ ಹೆಸರೂ ಬರುತ್ತದೆ. ಹತ್ತು ಹದಿನೈದು ವರ್ಷ ವಾರವಾರ ಕಟ್ಟಿದ ಉಳಿತಾಯ, ಬ್ಯಾಂಕಿನಲ್ಲಿ ಗಳಿಸಿದ ನಂಬಿಕೆ, ಮುಂದಿನ ಸಾಲ, ಎಲ್ಲ ಆ ಒಂದು ಪಾತ್ರೆಯೊಳಗೆ.

ಇನ್ನೊಂದು ಮಾತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು, ಅಕ್ಷರ ಕಲಿಯಲು ಸೇರಿದವರು, ಸಾರಾಯಿ ಅಂಗಡಿ ಮುಚ್ಚಿಸಿದರು. ಕರ್ನಾಟಕದಲ್ಲಿ ಸಾರಾಯಿ ಬಂದ್ ಆದದ್ದು 2007ರ ಜುಲೈ 1ರಂದು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಸಂಜೆ ಗಂಡ ಮನೆಗೆ ಬರುವ ದಾರಿ ಕಾಯುವುದು ಅಂದರೆ ಏನು ಅಂತ ಈ ಸಭೆಯಲ್ಲಿರುವ ಎಷ್ಟೋ ಜನರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅವರ ಕೈಯಿಂದಲೇ ಪಂಚ್ ಬೆರೆಸಿಸುವುದು ಸರಿಯಾ?

"ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೇ ದ್ರಾಕ್ಷಾರಸ ಕೊಟ್ಟಿದ್ದಾರಲ್ಲ" ಅಂತ ನಮ್ಮ ಕ್ರೈಸ್ತ ಬಾಯಮ್ಮಂದಿರು ಕೇಳಬಹುದು. ಹೌದು, ಕೊಟ್ಟಿದ್ದಾರೆ. ಅದು ದ್ರಾಕ್ಷಾರಸ ಎಂದು ಔತಣದ ಮೇಲ್ವಿಚಾರಕನಿಗೂ ಗೊತ್ತಿತ್ತು. ಹಣ್ಣಿನ ರಸದೊಳಗೆ ಅಡಗಿಸಿ ಯಾರಿಗೂ ಕುಡಿಸಲಿಲ್ಲ. ಕೊರತೆಯಾಗಿದೆ ಅಂತ ಮೊದಲು ಗಮನಿಸಿದ್ದು ಮಾತೆ ಮರಿಯಮ್ಮ ಎಂಬುದನ್ನೂ ನೆನಪಿಡಿ. ಔತಣದಲ್ಲಿ ಯಾರಿಗೆ ಏನು ಬೇಕು, ಏನು ಬೇಡ ಅಂತ ಕಣ್ಣಿಡುವ ಕೆಲಸ ಹೆಂಗಸರದ್ದೇ. ಭಟ್ಕಳದ ಮದುವೆಗೆ ನವಾಯತ ಮನೆಯವರು ಬರುತ್ತಾರೆ, ಕುಮಟಾದಲ್ಲಿ ಹಾಲಕ್ಕಿ ಅಜ್ಜಿಯರು ಬರುತ್ತಾರೆ, ಪಕ್ಕದ ಮನೆ ಭಟ್ಟರು ಬರುತ್ತಾರೆ. ಎಲ್ಲರೂ ಅನುಮಾನ ಇಲ್ಲದೆ ಕೈಚಾಚುವ ಪಾತ್ರೆ ಒಂದಾದರೂ ಇರಬೇಕಲ್ಲ.

ಈಗ ಆ ಪಾತ್ರೆಯ ವಿಷಯಕ್ಕೆ ಬರೋಣ.

ಪಂಚ್ ಎಂಬ ಹೆಸರು ನಮ್ಮ "ಪಂಚ"ದಿಂದಲೇ ಹೋದದ್ದು ಎನ್ನುವವರಿದ್ದಾರೆ. ಸಾರಾಯಿ, ಸಕ್ಕರೆ, ಲಿಂಬೆ, ನೀರು, ಸಂಬಾರ, ಒಟ್ಟು ಐದು. ಈಸ್ಟ್ ಇಂಡಿಯಾ ಕಂಪೆನಿಯವರ 1632ರ ಒಂದು ಕಾಗದದಲ್ಲೇ ಈ ಹೆಸರು ಬರುತ್ತದೆ. 1637ರ ಹೊತ್ತಿಗೆ ಇಂಗ್ಲಿಷರ ಹಡಗುಗಳು ಕಾಳುಮೆಣಸಿಗಾಗಿ ನಮ್ಮ ಭಟ್ಕಳಕ್ಕೂ ಬಂದವು. ಐದರಲ್ಲಿ ನಾಲ್ಕು ನಮ್ಮ ಅಡುಗೆಮನೆಯಲ್ಲೇ ಉಂಟು. ಸಾರಾಯಿಯ ಜಾಗದಲ್ಲಿ ಮುರುಗಲು ಹಾಕಿ, ಅಷ್ಟೇ. ಮುರುಗಲಿಗೆ ಹುಳಿ ಉಂಟು, ಒಗರು ಉಂಟು, ವೈನಿನಂಥ ಕೆಂಪು ಬಣ್ಣವೂ ಉಂಟು. ಗ್ಲಾಸಿಗೆ ಹಾಕಿ ಇಟ್ಟರೆ ನೋಡಲಿಕ್ಕೂ ಚಂದ.

ಮುರುಗಲು ಸಿರಪ್ ಹೀಗೆ ಮಾಡಿ. ಚೆನ್ನಾಗಿ ಹಣ್ಣಾದ, ಹುಳು ಇಲ್ಲದ ಹಣ್ಣು ತೊಳೆದು ಒರೆಸಿ, ನೀರಿನ ಪಸೆ ಉಳಿಯಬಾರದು. ಎರಡು ಹೋಳು ಮಾಡಿ ಬೀಜ ತೆಗೆಯಿರಿ. 1 ಕಿಲೊ ಸಿಪ್ಪೆಗೆ 2 ಕಿಲೊ ಸಕ್ಕರೆ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕುತ್ತ ಬಂದು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಆರೇಳು ದಿನ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣ ಸೌಟಿನಿಂದ ಕಲಕಿ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ, ಹುರಿದ ಜೀರಿಗೆ ಪುಡಿ, ಸ್ವಲ್ಪ ಉಪ್ಪು ಸೇರಿಸಿ ಬಾಟ್ಲಿಗೆ ತುಂಬಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಹುಳಿ ಅದನ್ನು ತಿನ್ನುತ್ತದೆ. ಉಳಿದ ಸಿಪ್ಪೆ ಮಕ್ಕಳಿಗೆ ಕೊಡಿ, ಮಿಠಾಯಿ ಹಾಗೆ ತಿನ್ನುತ್ತಾರೆ. ಬೀಜ ಒಣಗಿಸಿಟ್ಟರೆ ಮುರುಗಲ ತುಪ್ಪಕ್ಕೆ ಆಗುತ್ತದೆ, ಹಿಮ್ಮಡಿ ಒಡೆದವರಿಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ.

ಗೇರುಹಣ್ಣಿನದು ಸ್ವಲ್ಪ ಹಟಮಾರಿ ಕೆಲಸ. ಬೀಜ ತಿರುಪಿ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಬಿಡುವುದು ನಮ್ಮ ಅಭ್ಯಾಸ. ಬೀಜಕ್ಕಿಂತ ಹಣ್ಣಿನ ತೂಕ ಎಷ್ಟೋ ಪಟ್ಟು ಹೆಚ್ಚು, ಕಿತ್ತಳೆಗಿಂತ ಹೆಚ್ಚು ವಿಟಮಿನ್ ಸಿ ಅದರಲ್ಲಿ ಉಂಟು. ಗಂಟಲು ಹಿಡಿಯುವ ಒಗರಿನಿಂದಲೇ ಅದಕ್ಕೆ ಬೆಲೆ ಇಲ್ಲ. ಒಗರು ತೆಗೆಯುವುದು ಸುಲಭ. ಬೆಳಿಗ್ಗೆ ಬಿದ್ದ ತಾಜಾ ಹಣ್ಣನ್ನು ತೊಳೆದು ಹಿಂಡಿ ಸೋಸಿ. ಒಂದು ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿಯ ಹಾಗೆ ಬೇಯಿಸಿ, ಆರಿಸಿ, ರಸಕ್ಕೆ ಕಲಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಒಗರೆಲ್ಲ ಗಂಜಿಯೊಟ್ಟಿಗೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಗ್ಗಿಸಿ, ಲೀಟರಿಗೆ ಒಂದೂಕಾಲು ಕಿಲೊ ಸಕ್ಕರೆ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಬಿಸಿ ಇರುವಾಗಲೇ ಕುದಿಸಿದ ಬಾಟ್ಲಿಗೆ ತುಂಬಿ ಮುಚ್ಚಿ. ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಖರ್ಚು ಮಾಡಿ. ಒಂದು ಎಚ್ಚರಿಕೆ: ಹಸಿ ರಸವನ್ನು ಹೊರಗೆ ಇಟ್ಟು ಮರೆತರೆ ಮರುದಿನ ನೊರೆ ಬಂದಿರುತ್ತದೆ. ಅದು ತಾನಾಗಿಯೇ ಹೆಂಡದ ದಾರಿ ಹಿಡಿದಿದೆ ಅಂತ ಅರ್ಥ. ಅದನ್ನು ಚೆಲ್ಲಿ.

ನೂರು ಜನರಿಗೆ 25 ಲೀಟರ್ ಪಂಚ್ ಬೇಕು. ಮುರುಗಲು ಸಿರಪ್ 3 ಲೀಟರ್, ಗೇರುಹಣ್ಣಿನ ಸಿರಪ್ 1 ಲೀಟರ್, 30 ಲಿಂಬೆಯ ರಸ, ಅರ್ಧ ಕಿಲೊ ಹಸಿಶುಂಠಿ ಅರೆದು ಹಿಂಡಿದ ರಸ, ಎರಡು ಚಮಚ ಕುಟ್ಟಿದ ಕಾಳುಮೆಣಸು, ರುಚಿಗೆ ಉಪ್ಪು, ಕುದಿಸಿ ಆರಿಸಿದ ನೀರು 18 ಲೀಟರ್. ಉಳಿದದ್ದು ಐಸು. ಶುಂಠಿ ರಸವನ್ನು ಹತ್ತು ನಿಮಿಷ ಬಿಟ್ಟು ತಿಳಿ ಮಾತ್ರ ಹಾಕಿ, ತಳದ ಹಿಟ್ಟು ಹಾಕಿದರೆ ಪಾನಕ ಬಗ್ಗಡವಾಗುತ್ತದೆ. ಸಿಹಿ ಸಾಲದಿದ್ದರೆ ಜೋನಿ ಬೆಲ್ಲ ಸೇರಿಸಬಹುದು, ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ರುಚಿ ಮಾತ್ರ ನನಗೆ ಸಕ್ಕರೆಗಿಂತ ಹಿತ. ಹಣ್ಣಿನ ತುಂಡು ಬೇಕೇ ಬೇಕು ಅಂದರೆ ಕರಿ ಈಶಾಡ ಮಾವಿನ ಹಣ್ಣು ಕೊಚ್ಚಿ, ಬಡಿಸುವ ಹೊತ್ತಿಗೆ ಹಾಕಿ. ಸಕ್ಕರೆ ಕಾಯಿಲೆಯವರಿಗೆ ಬರೀ ಮುರುಗಲು ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಹಾಕಿ ಒಂದು ಸಣ್ಣ ಪಾತ್ರೆ ಬೇರೆ ಇಡಿ.

ಐಸಿನ ಬಗ್ಗೆ ಒತ್ತಿ ಹೇಳ್ತೇನೆ. ಬಂದರಿನಲ್ಲಿ ಮೀನಿಗೆ ಹಾಕುವ ಐಸು ಅಗ್ಗಕ್ಕೆ ಸಿಗುತ್ತದೆ ಅಂತ ತಂದು ಪಾನೀಯಕ್ಕೆ ಹಾಕಬೇಡಿ. ಅದು ಕುಡಿಯುವ ನೀರಿನ ಐಸು ಅಲ್ಲ. ಮೇ ತಿಂಗಳಲ್ಲಿ ಬಾವಿ ತಳ ಕಾಣುವಾಗ ಕಾಮಾಲೆ, ಭೇದಿ ಬರುವುದೇ ನೀರಿನಿಂದ. ಕುದಿಸಿದ ನೀರನ್ನೇ ಡಬ್ಬಿಗಳಲ್ಲಿ ಹಿಂದಿನ ದಿನ ಫ್ರೀಜರಿನಲ್ಲಿಟ್ಟು ಗಡ್ಡೆ ಮಾಡಿಕೊಳ್ಳಿ.

ಮಾರಾಟಕ್ಕೆ ಮಾಡುವವರು 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಸಂಘದ ಹೆಸರಿನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು, ನಮ್ಮ ಕಾರ್ಯಕರ್ತೆಯರು ಅರ್ಜಿ ತುಂಬಲು ಸಹಾಯ ಮಾಡುತ್ತಾರೆ. ದರ ಹೇಳುವ ಮುಂಚೆ ಸಕ್ಕರೆ, ಗ್ಯಾಸು, ಬಾಟ್ಲಿ, ರಿಕ್ಷಾ ಬಾಡಿಗೆ ಜೊತೆ ನಿಮ್ಮ ದಿನದ ಕೂಲಿಯನ್ನೂ ಬರೆಯಿರಿ. ಹಣ್ಣು ನಮ್ಮ ತೋಟದ್ದು ಅಂತ ಸೊನ್ನೆ ಹಾಕಬೇಡಿ. ಅದಕ್ಕೂ ಬೆಲೆ ಹಾಕಿ.

ಈಗ ಆ ಅಕ್ಕನ ಪ್ರಶ್ನೆಗೆ. ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿ: "ನಮ್ಮದು ಹಣ್ಣಿನ ಪಂಚ್ ಮಾತ್ರ. ನಿಮ್ಮಲ್ಲಿ ಬೇರೆ ವ್ಯವಸ್ಥೆ ಇದ್ರೆ ಅಬಕಾರಿಯವರ ಅನುಮತಿ ನೀವು ತಗೊಳ್ಳಿ, ಅದು ಬೇರೆ ಮೇಜಿನಲ್ಲಿ ಇರ್ಲಿ." ಇದನ್ನು ಆರ್ಡರ್ ಚೀಟಿಯಲ್ಲೂ ಬರೆಯಿರಿ. ಮುಚ್ಚಳ, ನಲ್ಲಿ ಇರುವ ಸ್ಟೀಲ್ ಡ್ರಮ್ಮಿನಲ್ಲೇ ಪಂಚ್ ಒಯ್ಯಿರಿ, ಬಾಯಿ ತೆರೆದ ಪಾತ್ರೆ ಬೇಡ. ಊಟ ಮುಗಿಯುವ ತನಕ ಒಬ್ಬ ಸದಸ್ಯೆ ಡ್ರಮ್ಮಿನ ಹತ್ತಿರ ನಿಂತಿರಬೇಕು. ತಮಾಷೆಗೆ ಯಾರೋ ಬಾಟ್ಲಿ ಸುರಿದರೂ ಡ್ರಮ್ಮಿನ ಮೇಲಿರುವ ಹೆಸರು ನಿಮ್ಮದೇ. ಹಾಗೆ ಆದದ್ದು ಗೊತ್ತಾದರೆ ಉಳಿದಷ್ಟನ್ನೂ ಅಲ್ಲೇ ಚೆಲ್ಲಿ, ಮನೆಯ ಹಿರಿಯರಿಗೆ ತಿಳಿಸಿ. ನಷ್ಟವನ್ನು ಯಾರು ಕೊಡಬೇಕು ಎಂಬುದನ್ನು ಚೀಟಿಯಲ್ಲಿ ಮೊದಲೇ ಬರೆದಿಟ್ಟರೆ ಜಗಳ ಇಲ್ಲ.

ಜೂನ್ ಮಳೆ ಹಿಡಿದರೆ ಭರಣಿಗೆ ಬಿಸಿಲು ಸಿಗುವುದಿಲ್ಲ. ಮುರುಗಲು ಹಣ್ಣಾಗುತ್ತಿದ್ದ ಹಾಗೆ ಕೆಲಸ ಶುರುಮಾಡಿ. ಮುಂದಿನ ಒಕ್ಕೂಟದ ಸಭೆಗೆ ಪ್ರತಿ ಸಂಘದವರು ಒಂದೊಂದು ಬಾಟ್ಲಿ ಸಿರಪ್ ತನ್ನಿ, ರುಚಿ ನೋಡಿ ಎಲ್ಲರೂ ಒಂದೇ ಹದಕ್ಕೆ ಬರೋಣ. ಬಾಟ್ಲಿಯ ಮೇಲೆ ತಯಾರಿಸಿದ ತಾರೀಕು ಬರೆದಿರಲಿ.