ತಿರಸ್ಕಾರದ ಪತ್ರ ಬಂದ ಮೇಲೆ

ನಾಲವಾರದ ಕಡೆಯ ಸಿಪಾಯಿಯೊಬ್ಬರು ಕಿವಿ ಮಂದವಾಗಿಯೋ ರಕ್ತದೊತ್ತಡ ಹಿಡಿದೋ ಸೇನೆಯಿಂದ ಊರಿಗೆ ಮರಳಿದರೆಂದು ಭಾವಿಸೋಣ. ಕೆಲವು ದಿನಗಳಲ್ಲಿ ಒಂದು ಪತ್ರ ಬರುತ್ತದೆ. ಬೇನೆಗೂ ಸೈನ್ಯದ ಸೇವೆಗೂ ಸಂಬಂಧವಿಲ್ಲ, ಅಂಗವೈಕಲ್ಯದ ಪಿಂಚಣಿ ಸಲ್ಲದು ಎಂದು ಅದರ ಸಾರಾಂಶ. ಸರಕಾರದ ಮೊಹರು ಬಿದ್ದ ಕಾಗದ. ಇನ್ನೇನು ಮಾಡುವುದೆಂದು ಮನೆಯವರು ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಡುವುದುಂಟು. ಅಲ್ಲಿಯೇ ನಷ್ಟ. ಮೊದಲ ಮೇಲ್ಮನವಿಗೆ ಇರುವುದು ಆರೇ ತಿಂಗಳು. ಅಂಚೆಯ ಮುದ್ರೆಯುಳ್ಳ ಲಕೋಟೆಯನ್ನೂ ಎಸೆಯಬೇಡಿ.

ಸೈನ್ಯದ ವೈದ್ಯ ಮಂಡಲಿ ನಿರ್ಣಯಿಸುವುದು ಎರಡು ಸಂಗತಿ: ಬೇನೆ ಸೇವೆಯಿಂದ ಬಂದುದೇ ಅಥವಾ ಉಲ್ಬಣಿಸಿದುದೇ, ಅದು ಶೇಕಡಾ ಎಷ್ಟು. ಶೇಕಡಾ 20ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಪಿಂಚಣಿಯಿಲ್ಲ. ಮೊದಲನೆಯದರ ಬಗ್ಗೆ ಧರಮವೀರ್ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆ ಮುಖ್ಯವಾದುದು. 1985ರಲ್ಲಿ ಸಿಗ್ನಲ್ ದಳಕ್ಕೆ ಸೇರಿದ ಆತನನ್ನು ಮೂರ್ಛೆರೋಗದ ಕಾರಣ 1994ರಲ್ಲಿ ಬಿಡಿಸಿದರು, ಪಿಂಚಣಿಯನ್ನೂ ನಿರಾಕರಿಸಿದರು. 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಆತನ ಪರ ತೀರ್ಪಿತ್ತಿತು. ಸೇರುವಾಗಿನ ಪರೀಕ್ಷೆಯಲ್ಲಿ ರೋಗವನ್ನು ಬರೆದಿಲ್ಲವಾದರೆ ಅದು ಸೇವೆಯಿಂದಲೇ ಬಂದುದೆಂದು ಮೊದಲು ಭಾವಿಸಬೇಕು. ಅಲ್ಲವೆನ್ನುವ ಹೊಣೆ ಸರಕಾರದ್ದು, ಅದಕ್ಕೆ ಕಾರಣ ಕೊಡಬೇಕು. ಕಾರಣ ಸರಿಯಾಗಿದ್ದರೆ ಮಂಡಲಿಯ ಮಾತೇ ನಿಲ್ಲಬಹುದು. ಆದುದರಿಂದ ಮಂಡಲಿಯ ನಡವಳಿಯ ಪ್ರತಿಯನ್ನು, ಸೇರುವಾಗಿನ ಪರೀಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ. 2005ರ ಮಾಹಿತಿ ಹಕ್ಕಿನ ಕಾಯಿದೆ ಇರುವುದೇಕೆ?

ಇನ್ನು ಶೇಕಡಾವಾರಿನ ಮಾತು. 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪಿನಂತೆ, ಅವಧಿ ಮುಗಿಸಿ ನಿವೃತ್ತರಾದವರಿಗೂ 50ಕ್ಕಿಂತ ಕಡಿಮೆಯಿರುವುದನ್ನು 50ಕ್ಕೆ ಏರಿಸಿ ಎಣಿಸಬೇಕು. ಪೂರ್ಣ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30 ಸಲ್ಲುತ್ತದೆ. ವೇತನ 40,000 ರೂಪಾಯಿ ಇದ್ದವರಿಗೆ ಶೇಕಡಾ 20ರ ಲೆಕ್ಕದಲ್ಲಿ ತಿಂಗಳಿಗೆ 2,400. 50ರ ಲೆಕ್ಕದಲ್ಲಿ 6,000. ಬಡ ಸಂಸಾರಕ್ಕೆ ಇದು ಸಣ್ಣ ವ್ಯತ್ಯಾಸವೇ?

ಮೊದಲ ಮೇಲ್ಮನವಿ ಬಿದ್ದರೆ ಎರಡನೆಯದುಂಟು. ಅದೂ ಬಿದ್ದರೆ 2007ರ ಕಾಯಿದೆಯಂತೆ 2009ರಿಂದ ಕೆಲಸ ನಡೆಸುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2023ರ ಸೆಪ್ಟೆಂಬರ್ 21ರ ನಂತರ ಸೇನೆ ಬಿಟ್ಟವರಿಗೆ ಹೊಸ ನಿಯಮಗಳು. ಅವರು ಅವನ್ನು ಬೇರೆಯಾಗಿ ವಿಚಾರಿಸಬೇಕು.

ವಿಚಾರಿಸುವುದೆಲ್ಲಿ? ನಾಲವಾರದಲ್ಲಿ ರೈಲು ಹತ್ತಿ ವಾಡಿ, ಶಹಾಬಾದು ದಾಟಿದರೆ ಕಲಬುರಗಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಅಲ್ಲಿದೆ. ಹೋಗುವಾಗ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಪೆಟ್ಟಿಗೆಯ ತಳದಲ್ಲಿರುವ ಆ ಪತ್ರ, ಮೂರನ್ನೂ ಒಯ್ಯಿರಿ.