ಎದೆಗೊಂದು ಭಾಷೆ, ತಲೆಗೊಂದು ಭಾಷೆ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಬಂದವರ ಮುಂದೆ, ಅಂಗಡಿಯ ಬಾಗಿಲು ಹಾಕಿ ಬಂದವರ ಮುಂದೆ ಸ್ಕಾಟ್ಲೆಂಡಿನ ಕವಿಯ ವಿಚಾರವೇಕೆಂದು ನೀವು ಕೇಳಬಹುದು. ಎಡ್ವಿನ್ ಮ್ಯೂರ್ ವಿಶ್ವವಿದ್ಯಾಲಯದಲ್ಲಿ ಓದಿ ಪಂಡಿತನಾದವನಲ್ಲ. 1887ರಲ್ಲಿ ಆರ್ಕ್ನಿ ದ್ವೀಪಗಳಲ್ಲಿ ಗೇಣಿ ರೈತನ ಮಗನಾಗಿ ಹುಟ್ಟಿದವನು. ಗೇಣಿಯ ಭಾರ ತಾಳಲಾರದೆ ಸಂಸಾರ ಹೊಲ ಬಿಟ್ಟಿತು; 1901ರಲ್ಲಿ ಗ್ಲಾಸ್ಗೋ ನಗರ ಸೇರಿತು. ಕೆಲವೇ ವರ್ಷಗಳಲ್ಲಿ ತಂದೆ, ತಾಯಿ, ಇಬ್ಬರು ಅಣ್ಣಂದಿರು ತೀರಿಕೊಂಡರು. ಹುಡುಗ ಗುಮಾಸ್ತನಾದ. ಎಲುಬು ಸುಟ್ಟು ಇದ್ದಲು ಮಾಡುವ ಕಾರ್ಖಾನೆಯ ದುರ್ವಾಸನೆಯಲ್ಲಿ ಕುಳಿತು ಲೆಕ್ಕ ಬರೆದ. ಸಮಾಜವಾದಿಯಾದದ್ದು ಆ ಕಾಲದಲ್ಲೇ.

1936ರಲ್ಲಿ ಅವನು 'ಸ್ಕಾಟ್ ಮತ್ತು ಸ್ಕಾಟ್ಲೆಂಡ್' ಎಂಬ ಪುಸ್ತಕ ಬರೆದ. ಅವನ ವಾದವಿಷ್ಟು: ಸ್ಕಾಟ್ಲೆಂಡಿನ ಜನ ಭಾವಿಸುವುದು ಸ್ಕಾಟ್ಸ್ ಭಾಷೆಯಲ್ಲಿ, ವಿಚಾರ ಮಾಡುವುದು ಇಂಗ್ಲಿಷಿನಲ್ಲಿ, ಹೀಗೆ ಇಬ್ಭಾಗವಾದ ಜನಕ್ಕೆ ಪೂರ್ಣ ಸಾಹಿತ್ಯ ಹುಟ್ಟದು. ಇದು ಆದದ್ದಾದರೂ ಹೇಗೆ? 1560ರ ಮತಸುಧಾರಣೆ ಇಂಗ್ಲಿಷ್ ಬೈಬಲನ್ನು ತಂದಿತು. 1603ರಲ್ಲಿ ದೊರೆ ತನ್ನ ಆಸ್ಥಾನವನ್ನು ಲಂಡನ್ನಿಗೆ ಒಯ್ದ. 1707ರಲ್ಲಿ ಪಾರ್ಲಿಮೆಂಟೂ ಅಲ್ಲಿಗೇ ಹೋಯಿತು. ನಾಡಿನ ಮಾತು ಅಡಿಗೆಮನೆಗೆ, ಹೊಲಕ್ಕೆ, ಹಾಡಿಗೆ ಉಳಿಯಿತು. ಆದ್ದರಿಂದ ಐರ್ಲೆಂಡಿನವರಂತೆ ಇಂಗ್ಲಿಷಿನಲ್ಲೇ ಬರೆದು ರಾಷ್ಟ್ರೀಯ ಸಾಹಿತ್ಯ ಕಟ್ಟಿರಿ ಎಂದ.

ಇದನ್ನು ಓದಿ ಅವನ ಗೆಳೆಯ ಹ್ಯೂ ಮ್ಯಾಕ್‌ಡಯರ್ಮಿಡ್ ಕೆರಳಿದ, ಸ್ನೇಹ ಮುರಿಯಿತು. ಈತ ಉಣ್ಣೆ ಗಿರಣಿಗಳ ಊರಾದ ಲ್ಯಾಂಗಮ್‌ನ ಅಂಚೆಯವನ ಮಗ. ಮನೆ ಇದ್ದದ್ದು ಊರಿನ ವಾಚನಾಲಯದ ಕಟ್ಟಡದಲ್ಲೇ. ಬಟ್ಟೆಯ ಬುಟ್ಟಿಯಲ್ಲಿ ಪುಸ್ತಕ ಹೊತ್ತು ತಂದು ಓದುತ್ತಿದ್ದನಂತೆ. 1926ರಲ್ಲೇ ಸ್ಕಾಟ್ಸಿನಲ್ಲಿ ದೀರ್ಘ ಕಾವ್ಯ ಬರೆದು, ಆ ಭಾಷೆ ಎಂಥ ವಿಚಾರವನ್ನೂ ಹೊರಬಲ್ಲದೆಂದು ತೋರಿಸಿದ್ದ. 1928ರಲ್ಲಿ ರಾಷ್ಟ್ರೀಯ ಪಕ್ಷ ಕಟ್ಟಿದವರಲ್ಲಿ ಇವನೂ ಒಬ್ಬ. ಕಮ್ಯುನಿಸ್ಟನೆಂದು ಆ ಪಕ್ಷ ಹೊರಹಾಕಿತು. ರಾಷ್ಟ್ರೀಯವಾದಿಯೆಂದು ಕಮ್ಯುನಿಸ್ಟ್ ಪಕ್ಷವೂ ಹೊರಹಾಕಿತು!

ಮ್ಯೂರ್ ರೋಗವನ್ನು ಸರಿಯಾಗಿ ಕಂಡ, ಔಷಧಿ ತಪ್ಪಾಯಿತು ಎಂಬುದು ನಮ್ಮ ಅಭಿಪ್ರಾಯ. ಭಾಷೆಗೆ ವಿಚಾರ ಒಗ್ಗದೆ ಹೋಗುವುದು ಅದರ ಹುಟ್ಟುಗುಣವಲ್ಲ. ಕಚೇರಿ, ಕೋರ್ಟು, ಶಾಲೆಗಳ ಬಾಗಿಲು ಮುಚ್ಚಿದರೆ ಯಾವ ಭಾಷೆಯೂ ಸೊರಗುತ್ತದೆ. (ಆರ್ಕ್ನಿಯ ಮಾತೇ ಬೇರೆ ಬಗೆಯದು, ಅವನಿಗೆ ಉಳಿದ ಸ್ಕಾಟ್ಸಿನ ಮೇಲೆ ಅಷ್ಟು ಮಮತೆ ಇರಲಿಲ್ಲವೇನೋ ಎಂಬ ಗುಮಾನಿ ನಮಗಿದೆ.) ಲಾರಿಮರ್ ಎಂಬ ವಿದ್ವಾಂಸ ಗ್ರೀಕಿನಿಂದ ನೇರವಾಗಿ ಸ್ಕಾಟ್ಸಿಗೆ ತಂದ ಹೊಸ ಒಡಂಬಡಿಕೆ 1983ರಲ್ಲಿ ಅಚ್ಚಾಯಿತು. ನಾಲ್ಕು ಶತಮಾನ ತಡವಾಗಿ! 2011ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಜನ ತಾವು ಸ್ಕಾಟ್ಸ್ ಆಡುತ್ತೇವೆಂದು ಬರೆಸಿದರು.

ಆದರೆ ಮ್ಯೂರನ ಇನ್ನೊಂದು ಮಾತನ್ನು ನಾವು ತಳ್ಳಿಹಾಕಲಾರೆವು. ನಾಡೆಲ್ಲ ಸುತ್ತಿ ಅವನು 1935ರಲ್ಲಿ ಪ್ರವಾಸಕಥನ ಬರೆದ. ಕಲ್ಲಿದ್ದಲು, ಉಕ್ಕಿನ ಊರುಗಳಲ್ಲಿ ಕೆಲಸವಿಲ್ಲದೆ ಬೀದಿಯಲ್ಲಿ ನಿಂತವರನ್ನು ಕಂಡು, ಸ್ವರಾಜ್ಯವೊಂದರಿಂದಲೇ ಇವರ ಕಷ್ಟ ತೀರದೆಂದ. 1999ರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಪಾರ್ಲಿಮೆಂಟು ಮರಳಿ ಬಂತು. 2014ರಲ್ಲಿ ಸ್ವತಂತ್ರ ರಾಷ್ಟ್ರವಾಗುವ ಪ್ರಶ್ನೆ ಮತಕ್ಕೆ ಬಂದಾಗ, ಜನ ಹೆಚ್ಚಾಗಿ ವಾದಿಸಿದ್ದು ಪೌಂಡು, ಪಿಂಚಣಿ, ಎಣ್ಣೆಯ ಹಣಗಳ ಬಗ್ಗೆ. ನೂರಕ್ಕೆ 45 ಮಂದಿ ಬೇಕೆಂದರು, 55 ಮಂದಿ ಬೇಡವೆಂದರು.